ರಾಣಿಯ ವಿರುದ್ಧ ಅರವತ್ತಮೂರನೆಯ ಅರ್ಜಿ

ಜನವರಿ 5, ಸೋಮವಾರ

ಇವತ್ತು ದ್ವೀಪಕ್ಕೆ ಹೋಗಿ ಬಂದೆ. ರಕ್ತದೊತ್ತಡ ಏರಿದೆ.

ಹೋದದ್ದು ತಂಗಿಯ ಹಟಕ್ಕೆ. ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಯಾರ ಮೇಲಾದರೂ ಹುಕುಂ ಚಲಾಯಿಸದಿದ್ದರೆ ಅವಳಿಗೆ ತಿಂದದ್ದು ಅರಗುವುದಿಲ್ಲ. ಮನೆಯಲ್ಲಿರುವ ರೋಗಿ ನಾನೊಬ್ಬನೇ. "ಅಣ್ಣಾ, ಆ ದ್ವೀಪದ ಚರಿತ್ರೆ ಅಂತ ನಲವತ್ತೆರಡು ಪುಟ ಬರೆದಿದ್ದೀಯ. ಅಲ್ಲಿ ಕೊನೇ ಸಲ ಕಾಲಿಟ್ಟಿದ್ದು ಯಾವಾಗ?" ಎಂದಳು. ಚರಿತ್ರೆ ಬರೆಯುವುದು ದಾಖಲೆ ಕೋಣೆಯಲ್ಲಿ ಕೂತು, ಬಂಡೆಯ ಮೇಲೆ ಕೂತಲ್ಲ ಎಂದೆ. ಮೂವತ್ತೇಳು ವರ್ಷ ಈ ಊರಿನ ದಾಖಲೆ ಕೋಣೆಯ ಬೀಗದ ಕೈ ಇಟ್ಟುಕೊಂಡಿದ್ದವನು ನಾನು. ಆದರೂ ದೋಣಿ ಹತ್ತಿಸಿಬಿಟ್ಟಳು.

ಹನ್ನೆರಡು ಜನ ತುಂಬಿದರೆ ದೋಣಿ ಹೊರಡುತ್ತದೆ, ಹದಿನೈದು ನಿಮಿಷಕ್ಕೆ ದ್ವೀಪ ಮುಟ್ಟುತ್ತದೆ. ಅಲ್ಲಿ ಒಬ್ಬಳು ಗೈಡ್. ಮೂವತ್ತು ದಾಟಿದ ಹೆಣ್ಣುಮಗಳು. ಅವಳನ್ನು ಎಲ್ಲರೂ 'ಗಂಟಲು' ಎಂದೇ ಕರೆಯುವುದಂತೆ. ಏಕೆಂದು ವಿವರಿಸಬೇಕಾಗಿಲ್ಲ, ನನ್ನ ಎಡಗಿವಿ ಇನ್ನೂ ಗುಂಯ್ ಎನ್ನುತ್ತಿದೆ.

"ಇದೇ ನೋಡಿ ರಾಣಿ ಹಾರಿದ ಬಂಡೆ! ಶತ್ರುಗಳ ಏಳು ಹಡಗು ಸುತ್ತುಗಟ್ಟಿದಾಗ, ಸೆರೆ ಸಿಕ್ಕೋದಕ್ಕಿಂತ ಸಮುದ್ರಾನೇ ಮೇಲು ಅಂತ ರಾಣಿ ಇಲ್ಲಿಂದ ಹಾರಿದ್ಲು. ಹಾರೋ ಮುಂಚೆ ಊರಿದ ಹೆಜ್ಜೆ ಕಲ್ಲಲ್ಲೇ ಉಳೀತು. ಬನ್ನಿ, ಹೆಂಗಸರೆಲ್ಲ ಕಾಲಿಟ್ಟು ನೋಡಿ!"

ರಾಣಿಯಂತೆ! ಈ ದ್ವೀಪದಲ್ಲಿ ರಾಣಿ ಇರಲಿಲ್ಲ. ರಾಜನೂ ಇರಲಿಲ್ಲ. ಇದ್ದದ್ದು ಒಂದು ಸಿಹಿನೀರಿನ ಬಾವಿ, ಒಂದಷ್ಟು ಆಡು, ಆಮೇಲೆ ಒಂದು ಸುಂಕದ ಕಟ್ಟೆ. ಆ ಹೆಜ್ಜೆ ಎನ್ನುವುದು ಸುಂಕದ ಕಟ್ಟೆಯ ಬಾವುಟದ ಕಂಬಕ್ಕೆಂದು ಕಡಿದ ಗುಳಿ. ನನ್ನ ಚರಿತ್ರೆಯ ಇಪ್ಪತ್ತಾರನೇ ಪುಟ, ಮೂರನೇ ಅಡಿಟಿಪ್ಪಣಿ.

ಕೈ ಎತ್ತಿ, "ಇದಕ್ಕೆ ದಾಖಲೆ ಏನಿದೆ?" ಎಂದು ಕೇಳಿದೆ.

"ಬಂಡೆ ಇದೆಯಲ್ಲ ಸಾರ್," ಎಂದಳು.

ಹನ್ನೊಂದು ಜನವೂ ನಕ್ಕರು. ಅದರಲ್ಲಿ ಒಬ್ಬಳು ನನ್ನ ತಂಗಿ. ತಿರುಗಿ ನೋಡಿದರೆ ಚಪ್ಪಲಿ ಬಿಚ್ಚಿ ಗುಳಿಯೊಳಗೆ ಕಾಲಿಟ್ಟು ನಿಂತಿದ್ದಾಳೆ. "ಅಣ್ಣಾ, ಅಳತೆ ಕೊಟ್ಟು ಮಾಡಿಸಿದ ಹಾಗಿದೆ ಕಣೋ!"

ಜನವರಿ 7, ಬುಧವಾರ

ಬೆಳಿಗ್ಗೆ ಐದಕ್ಕೇ ಎದ್ದು ಅರ್ಜಿ ಬರೆದೆ. ವಿಷಯ: ದ್ವೀಪ ಕಚೇರಿಯ ಪರವಾನಗಿ ಪಡೆದ ಗೈಡ್ ಮೂಲಕವೇ ಅಡಗೂಲಜ್ಜಿ ಕಥೆಗಳ ಪ್ರಚಾರ. ಲಗತ್ತು ಹನ್ನೊಂದು.

ದ್ವೀಪ ಕಚೇರಿಗೆ ಇದು ನನ್ನ ಅರವತ್ತಮೂರನೆಯ ಅರ್ಜಿ. ಹಿಂದಿನ ಅರವತ್ತೆರಡಕ್ಕೆ ಉತ್ತರವಿಲ್ಲ. ಸಮುದ್ರ ನೋಡಲೆಂದು ಹಾಕಿದ ಬೆಂಚು ಗೋಡೆಗೆ ಮುಖ ಮಾಡಿರುವುದು, ಏಳನೆಯದು. ಜೆಟ್ಟಿಯ ಗಡಿಯಾರ ಒಂಬತ್ತು ನಿಮಿಷ ಹಿಂದಿರುವುದು, ಹದಿನಾಲ್ಕು, ಹದಿನೈದು ಮತ್ತು ಹದಿನೆಂಟನೆಯದು. ಎಲ್ಲದರ ತಾರೀಕೂ ನನಗೆ ಬಾಯಿಪಾಠ. ಈ ಊರಿಗೆ ಮರೆವಿನ ರೋಗ. ಯಾರಾದರೂ ಒಬ್ಬರು ನೆನಪಿಟ್ಟುಕೊಳ್ಳಬೇಕಲ್ಲ.

"ಊರಲ್ಲಿ ನಿನ್ನ ಏನಂತ ಕರೀತಾರೆ ಗೊತ್ತಾ?" ಎಂದು ತಂಗಿ ಕೇಳಿದಳು. "ಲಗತ್ತು ಅಂತ. ಅಂಗಡೀಲಿ ನನ್ನ ನೋಡಿದ್ರೆ, ಲಗತ್ತಿನ ತಂಗಿ ಬಂದ್ರು, ಜಾಗ ಬಿಡಿ ಅಂತಾರೆ."

ಗೌರವದಿಂದಲೇ ಹೇಳಿರಬೇಕು. ಜಾಗ ಬಿಡುತ್ತಾರಲ್ಲ.

ಜನವರಿ 13, ಮಂಗಳವಾರ

ಸಾಕ್ಷ್ಯ ಸಂಗ್ರಹಕ್ಕೆಂದು ದ್ವೀಪಕ್ಕೆ ಮತ್ತೆ ಹೋದೆ. ಇದು ನಾಲ್ಕನೇ ಸಲ. ಅವಳು ಹೇಳುವ ಸುಳ್ಳುಗಳನ್ನು ಗಂಟೆ ನಿಮಿಷದ ಸಮೇತ ಬರೆದುಕೊಳ್ಳುತ್ತಿದ್ದೇನೆ.

ಜೆಟ್ಟಿಯಲ್ಲೇ ಗುರುತು ಹಿಡಿದಳು. "ಬನ್ನಿ ಸಾರ್. ಪೆನ್ನಲ್ಲಿ ಮಸಿ ಇದೆಯಾ? ಇವತ್ತು ಹಡಗು ಏಳು ಹೇಳ್ಲೋ ಒಂಬತ್ತು ಹೇಳ್ಲೋ?"

"ಒಂದೂ ಬೇಡ. ಆ ಕಾಲದಲ್ಲಿ ಇಲ್ಲಿಗೆ ಹಡಗೇ ಬರುತ್ತಿರಲಿಲ್ಲ."

"ಅಯ್ಯೋ, ಹಾಗಾದ್ರೆ ರಾಣಿ ಸುಮ್ಸುಮ್ನೆ ಹಾರಿಬಿಟ್ಲಾ?"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಂದಿರುಗುವಾಗ ಒಬ್ಬ ದಪ್ಪ ಮನುಷ್ಯ ನನ್ನ ಬೆನ್ನು ತಟ್ಟಿ, "ಚೆನ್ನಾಗ್ ಜಗಳ ಆಡ್ತೀರಿ. ಎಲ್ಲ ಟ್ರಿಪ್ಪಲ್ಲೂ ಇದು ಇರುತ್ತಾ? ಭಾನುವಾರ ನಮ್ಮ ಭಾವನ್ನ ಕರ್ಕೊಂಡು ಬರ್ತೀನಿ," ಎಂದ. ಸತ್ಯಕ್ಕೆ ಜನರಲ್ಲಿ ಹಸಿವಿದೆ ಎಂಬುದಕ್ಕೆ ಇದೇ ಸಾಕ್ಷಿ.

ಜನವರಿ 21, ಬುಧವಾರ

ಉತ್ತರ ಬಂದಿದೆ!

ಅರವತ್ತಮೂರು ಅರ್ಜಿಗೆ ಮೊದಲ ಉತ್ತರ. ಕಚೇರಿಗೆ ಹೊಸ ಅಧಿಕಾರಿ ಬಂದಿದ್ದಾರಂತೆ, ಮೇಜಿನ ಮೇಲಿದ್ದದ್ದನ್ನೆಲ್ಲ ಓದುತ್ತಾರಂತೆ. 'ತಮ್ಮ ದೂರಿನ ಮೇರೆಗೆ ಸದರಿ ಗೈಡ್ ಪರವಾನಗಿಯನ್ನು ತಡೆಹಿಡಿಯಲಾಗಿದೆ. ಫೆಬ್ರವರಿ 3ರಂದು ದ್ವೀಪದಲ್ಲೇ ವಿಚಾರಣೆ. ಆರೋಪ ಸಾಬೀತಾದಲ್ಲಿ ಪರವಾನಗಿ ರದ್ದು.' ನಿಂತು ಒಮ್ಮೆ, ಕೂತು ಒಮ್ಮೆ ಓದಿದೆ. ತಂಗಿಗೂ ಓದಿ ಹೇಳಿದೆ.

"ಮತ್ತೆ ಆ ಹುಡುಗಿ ಏನ್ಮಾಡ್ತಾಳೆ?" ಎಂದಳು.

"ಅದು ವಿಚಾರಣೆಯಲ್ಲಿ ತೀರ್ಮಾನವಾಗುತ್ತೆ."

"ನಾನು ಕೇಳಿದ್ದು ಊಟಕ್ಕೆ ಏನ್ಮಾಡ್ತಾಳೆ ಅಂತ. ಅವಳಿಗೆ ಬರೋದು ಅದೊಂದೇ ಕೆಲಸ."

ಹೆಂಗಸರ ಜೊತೆ ತತ್ವದ ಮಾತು ಆಡಲಾಗುವುದಿಲ್ಲ. ಆಮೇಲೆ ಇಡೀ ದಿನ ಅವಳೂ ನನ್ನೊಡನೆ ಯಾವ ಮಾತೂ ಆಡಲಿಲ್ಲ.

ಜನವರಿ 25, ಭಾನುವಾರ

ಗೈಡ್ ಇಲ್ಲದೆ ಪ್ರವಾಸಿಗರು ದ್ವೀಪದಲ್ಲಿ ಬಾಯಿ ಕಳೆದುಕೊಂಡು ತಿರುಗುತ್ತಿದ್ದಾರೆಂದು ಕೇಳಿ ನಾನೇ ಹೋದೆ. ಜವಾಬ್ದಾರಿಯುತ ನಾಗರಿಕನೊಬ್ಬ ಇನ್ನೇನು ಮಾಡಬೇಕು? ನಲವತ್ತೆರಡು ಪುಟವನ್ನೂ ಕಂಕುಳಲ್ಲಿ ಇಟ್ಟುಕೊಂಡು ಹೋಗಿದ್ದೆ.

ಆರನೇ ಪುಟ ಓದುವಾಗ ದೋಣಿ ನಡೆಸುವವನು ದೂರದಿಂದ ಕೂಗಿದ: "ಸಾರ್, ಐವತ್ತು ನಿಮಿಷ ಆಯ್ತು, ನೀರು ಇಳೀತಿದೆ!" ಬಾವಿಯ ಒಡೆತನದ ವಿವಾದವನ್ನು ಅರ್ಧಕ್ಕೆ ನಿಲ್ಲಿಸುವುದು ಹೇಗೆ? ಒಂಬತ್ತನೇ ಪುಟ ಮುಗಿಸಿ ನೋಡಿದರೆ ದೋಣಿ ಕೆಸರಿನ ಮೇಲೆ ಒಂದು ಪಕ್ಕಕ್ಕೆ ವಾಲಿಕೊಂಡು ಕೂತಿತ್ತು. ಮತ್ತೆ ನೀರು ಏರುವವರೆಗೆ ಐದು ಗಂಟೆ. ಹೀಗಾಗಿ ನಲವತ್ತೆರಡು ಪುಟವನ್ನೂ ಸಾವಕಾಶವಾಗಿ ಓದಲು ಸಾಧ್ಯವಾಯಿತು. ಯಾರೊಬ್ಬರೂ ಮಧ್ಯದಲ್ಲಿ ಎದ್ದು ಹೋಗಲಿಲ್ಲ.

ಕೊನೆಗೆ, ಏನಾದರೂ ಪ್ರಶ್ನೆಗಳಿವೆಯೇ ಎಂದೆ. ಒಬ್ಬಾಕೆ ಕಣ್ಣುಜ್ಜಿಕೊಂಡು, "ರಾಣಿ ಹಾರಿದ ಬಂಡೆ ಯಾವ ಕಡೆ ಬರುತ್ತೆ?" ಎಂದು ಕೇಳಿದಳು.

ಜನವರಿ 26, ಸೋಮವಾರ

ಗಂಟಲು ಮನೆಗೆ ಬಂದಳು. ಬೈಯಲು ಬಂದಿದ್ದಾಳೆಂದುಕೊಂಡೆ. ತಂಗಿಯೂ ಹಾಗೇ ಅಂದುಕೊಂಡು ಕುರ್ಚಿ ಎಳೆದುಕೊಂಡು ಕೂತಳು, ನೋಡಲಿಕ್ಕೆ.

"ಸಾರ್, ನಿಮ್ಮ ಹೊಟ್ಟೆ ತಣ್ಣಗಾಯ್ತಲ್ಲ, ಈಗ ನನ್ನ ಹೊಟ್ಟೆ ವಿಷಯ ಮಾತಾಡೋಣ," ಎಂದಳು. ಮನೆಯೊಳಗೆ ಅವಳ ಧ್ವನಿ ಸಣ್ಣದಾಗಿಯೇ ಇತ್ತು. "ವಿಚಾರಣೆಗೆ ಎಂಟು ದಿನ ಇದೆ. ನಿಜವಾದ ಚರಿತ್ರೆ ಕಲಿಸಿ. ಅದನ್ನೇ ಹೇಳ್ತೀನಿ. ನನಗೆ ಹೇಳೋಕೆ ಏನಾದ್ರೂ ಬೇಕು, ಅಷ್ಟೇ."

ವಿದ್ಯೆ ಕೇಳಿ ಬಂದವರನ್ನು ಹೊಸಿಲಿಂದ ಹಿಂದೆ ಕಳಿಸುವಂತಿಲ್ಲ. ಆದರೆ ದೂರು ದೂರೇ ಎಂದು ಸ್ಪಷ್ಟಪಡಿಸಿದೆ.

ಜನವರಿ 28, ಬುಧವಾರ

ಮೂರು ದಿನದ ಪಾಠ. ಇಂಥ ವಿದ್ಯಾರ್ಥಿನಿಯನ್ನು ನಾನು ಕಂಡಿಲ್ಲ. ಪುಟ ತಿರುವುತ್ತಾ "ಇದು ಬೇಡ, ಇದು ಬೇಡ, ಇದು ಕೇಳಿದ್ರೆ ಮಕ್ಕಳು ನೀರಿಗೆ ಬೀಳ್ತಾವೆ," ಎನ್ನುತ್ತಾಳೆ. ಐದು ಪುಟದ ಬಾವಿ ವಿವಾದವನ್ನು 'ಬಾವಿ ನಂದು ಅಂತ ಇಬ್ಬರು ಕಿತ್ತಾಡ್ತಿದ್ರು, ಅಷ್ಟರಲ್ಲಿ ಆಡುಗಳು ಕುಡಿದು ಹೋಗ್ತಿದ್ವು' ಎಂದು ಮುಗಿಸಿದಳು. ತಪ್ಪೆಂದು ಹೇಳಲು ಬಾಯಿ ತೆರೆದೆ. ತಪ್ಪಿರಲಿಲ್ಲ.

ಮೂವತ್ತೊಂದನೇ ಪುಟಕ್ಕೆ ಬಂದಾಗ ನಿಂತಳು. "ತಡೀರಿ. ಈ ಸುಂಕದ ಅಧಿಕಾರಿ ಹನ್ನೊಂದು ವರ್ಷ ಇಲ್ಲೇ ಇದ್ನಾ? ಒಂದೂ ಹಡಗು ಬರಲಿಲ್ವಾ?"

"ಬರಲಿಲ್ಲ. ಪ್ರತಿ ತಿಂಗಳೂ ವರದಿ ಕಳಿಸುತ್ತಿದ್ದ. 'ಈ ತಿಂಗಳು ಯಾವ ಹಡಗೂ ಬರಲಿಲ್ಲ.' ಒಟ್ಟು ನೂರ ಮೂವತ್ತೆರಡು ವರದಿ. ಎಲ್ಲವನ್ನೂ ನಾನೇ ಧೂಳು ಕೊಡವಿ ಕಟ್ಟು ಕಟ್ಟಿದ್ದೇನೆ."

"ಕೊನೇದ್ರಲ್ಲಿ?"

"ಕಟ್ಟೆ ಮುಚ್ಚಬೇಡಿ ಎಂದು ಬೇಡಿಕೊಂಡಿದ್ದಾನೆ. 'ಮುಂದಿನ ತಿಂಗಳು ಬರಬಹುದು' ಎಂದು."

ಅವಳು ಆ ಪುಟವನ್ನು ಇನ್ನೊಮ್ಮೆ ಓದಿದಳು. ಆಮೇಲೆ ಸಿಟ್ಟಿನಿಂದ, "ಇದನ್ನ ಯಾಕ್ ಸಾರ್ ಮೂವತ್ತೊಂದನೇ ಪುಟದಲ್ಲಿ ಬಚ್ಚಿಟ್ಟಿದ್ದೀರಿ?" ಎಂದಳು.

ಬಚ್ಚಿಟ್ಟದ್ದಲ್ಲ, ಕಾಲಾನುಕ್ರಮ ಎಂದೆ. ಅಡುಗೆಮನೆಯಿಂದ ತಂಗಿ ನಕ್ಕದ್ದು ಕೇಳಿಸಿತು.

ಹೊರಡುವಾಗ, ಆ ರಾಣಿಯ ಕಥೆ ಎಲ್ಲಿಂದ ಬಂತು ಎಂದು ಕೇಳಿದೆ. ನಮ್ಮಮ್ಮ ಹೇಳಿದ್ದು ಎಂದಳು. ಒಳ್ಳೆಯದು. ಸುಳ್ಳನ್ನು ಬೇರುಸಹಿತ ಕೀಳಬೇಕಾದರೆ ಮೂಲಕ್ಕೇ ಹೋಗಬೇಕು.

ಜನವರಿ 30, ಶುಕ್ರವಾರ

ಗಂಟಲಿನ ತಾಯಿಗೆ ಮಾರುಕಟ್ಟೆಯ ಹಿಂದೆ ಹೊಲಿಗೆ ಅಂಗಡಿ. ಎರಡು ಮಷಿನ್ನು, ಗೋಡೆ ತುಂಬ ದಾರದ ಉಂಡೆ. ಐವತ್ತೇಳರ ಹೆಂಗಸು. ನೋಟ್‌ಪುಸ್ತಕ ತೆರೆದು, ರಾಣಿಯ ಕಥೆ ನಿಮಗೆ ಹೇಳಿದವರು ಯಾರು ಎಂದು ಕೇಳಿದೆ.

"ಹೇಳಿದ್ದಲ್ಲ. ನಾನೇ ರಾಣಿ," ಎಂದರು.

ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದಿಟ್ಟು, ಎದ್ದು ನಿಂತು, ಅಳತೆ ಟೇಪು ಕೊರಳಲ್ಲಿ ಇದ್ದಂತೆಯೇ ಶುರುಮಾಡಿದರು: "ಎಲೈ ಸಾಗರವೇ! ನಿನ್ನ ಅಲೆಗಳ ಮಡಿಲಲ್ಲಿ ಈ ಅಭಾಗಿನಿಗೆ ಆಶ್ರಯ ನೀಡು! ಎಲೈ ಚಂದ್ರನೇ, ನೀನೂ ಕಣ್ಣೀರು ಸುರಿಸು!" ಶಾಲೆಯ ವಾರ್ಷಿಕೋತ್ಸವದ ನಾಟಕವಂತೆ. ಹನ್ನೊಂದು ವರ್ಷದವರಿದ್ದಾಗ ಆಡಿದ್ದು. ಒಂದು ಮಾತೂ ಮರೆತಿಲ್ಲ.

ಈಗ ಬುಡ ಸಿಕ್ಕಿತು ಎಂದುಕೊಂಡೆ. "ಚಂದ್ರ ಕಣ್ಣೀರು ಸುರಿಸುವುದೇ? ಇಂಥ ಅಧ್ವಾನದ ಸಂಭಾಷಣೆ ಬರೆದವನು ಯಾರು? ದ್ವೀಪವನ್ನೇ ನೋಡದ ಯಾವನೋ ಅರೆಬೆಂದ ಪಂಡಿತ ಇರಬೇಕು."

"ದ್ವೀಪ ನೋಡಿದ್ರೋ ಇಲ್ವೋ ಗೊತ್ತಿಲ್ಲ," ಎಂದು ಡ್ರಾಯರಿನಿಂದ ಒಂದು ಹಳದಿ ಕಾಗದ ತೆಗೆದು ಕೊಟ್ಟರು. ವಾರ್ಷಿಕೋತ್ಸವದ ಕಾರ್ಯಕ್ರಮ ಪಟ್ಟಿ. ನಾಟಕ: ದ್ವೀಪದ ರಾಣಿ. ರಚನೆ ಮತ್ತು ನಿರ್ದೇಶನ ಎಂಬುದರ ಮುಂದೆ ನನ್ನ ಹೆಸರಿತ್ತು. ಇನಿಶಿಯಲ್ ಸಮೇತ.

ನಲವತ್ತಾರು ವರ್ಷ. ದಾಖಲೆ ಕೋಣೆಗೆ ಸೇರುವ ಮುಂಚೆ ಎಂಟು ತಿಂಗಳು ಆ ಶಾಲೆಯಲ್ಲಿ ತಾತ್ಕಾಲಿಕ ಮೇಷ್ಟ್ರಾಗಿದ್ದೆ. ಇಪ್ಪತ್ತೆರಡು ವಯಸ್ಸು. ಗಡಿಯಾರದ ಅರ್ಜಿಗಳ ತಾರೀಕು ನೆನಪಿದೆ. ಇದು ನೆನಪಿಲ್ಲ. ಈಗ ಮೆಲ್ಲಗೆ ಒಂದು ಬೆಂಚು, ಅದರ ಮುಂದೆ ಸಮುದ್ರವೆಂದು ಹಾಸಿದ ಹಾಸಿಗೆ, ಒಂದು ಪುಟ್ಟ ಹುಡುಗಿ ಕಣ್ಣಿಗೆ ಬರುತ್ತಿದ್ದಾಳೆ. ಬಂದದ್ದು ನೆನಪೋ ನಾಚಿಕೆಯೋ ಗೊತ್ತಿಲ್ಲ.

"ನನ್ನ ಜೀವನದಲ್ಲಿ ಜನ ಚಪ್ಪಾಳೆ ಹೊಡೆದದ್ದು ಅದೊಂದೇ ದಿನ ಮೇಷ್ಟ್ರೇ," ಎಂದರು. "ಮಗಳಿಗೆ ದಿನಾ ಅದನ್ನೇ ಹೇಳಿ ಊಟ ಮಾಡಿಸಿದೆ. ನಾಟಕ ಅಂತ ಹೇಳಲಿಲ್ಲ. ಹೇಳಿದ್ರೆ ಕಥೇಲಿ ಏನು ಉಳಿಯುತ್ತೆ?"

"ದೂರು ಕೊಟ್ಟವನು ನಾನೇ ಅಂತ ನಿಮಗೆ ಗೊತ್ತಿತ್ತೇ?"

"ಗೊತ್ತಿತ್ತು. ನೀವಾಗೇ ಬರ್ತೀರಿ ಅಂತ ಕಾದೆ."

ಗುಂಡುಸೂಜಿ ಬಾಯಿಗಿಟ್ಟುಕೊಂಡು ಮತ್ತೆ ಮಷಿನ್ನಿಗೆ ಕೂತರು.

ಜನವರಿ 31, ಶನಿವಾರ

ವಿಶೇಷವೇನಿಲ್ಲ.

ಫೆಬ್ರವರಿ 1, ಭಾನುವಾರ

ವಿಶೇಷವೇನಿಲ್ಲ. ಗಂಟಲು ಪಾಠಕ್ಕೆ ಬಂದಿದ್ದಳು. ತಲೆನೋವೆಂದು ಹೇಳಿ ಕಳಿಸಿದೆ. ತಂಗಿ ಜ್ವರ ನೋಡಿ, "ತಲೆನೋವು ಇರೋ ಮುಖ ಅಲ್ಲ ಇದು," ಎಂದಳು. ನಲವತ್ತು ವರ್ಷ ನರ್ಸ್ ಆಗಿದ್ದವರಿಗೆ ಸುಳ್ಳು ಹೇಳುವುದು ಕಷ್ಟ. ಎಲ್ಲ ಹೇಳಿದೆ.

ಅವಳು ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. "ದೂರು ವಾಪಸ್ ತಗೋ," ಎಂದಳು. ಆಮೇಲೆ ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ನಕ್ಕಳು.

ಫೆಬ್ರವರಿ 2, ಸೋಮವಾರ

ಬೆಳಿಗ್ಗೆ ಕಚೇರಿ ತೆರೆಯುವಾಗಲೇ ಹೋಗಿ ನಿಂತೆ. ಗುಮಾಸ್ತ ನನ್ನನ್ನು ಕಂಡು ಎದ್ದುನಿಂತ, ಅಭ್ಯಾಸಬಲ.

"ದೂರು ಹಿಂದಕ್ಕೆ ತಗೊಳ್ಳಕ್ಕಾಗಲ್ಲ ಸಾರ್. ನಿಯಮ."

"ಯಾವ ಮೂರ್ಖ ಮಾಡಿದ ನಿಯಮ?"

ಅವನು ಕಡತ ತೆಗೆದು ತೋರಿಸಿದ. 'ಒತ್ತಡಕ್ಕೆ ಮಣಿದು ದೂರುದಾರರು ದೂರು ಹಿಂಪಡೆಯುವ ಅನಿಷ್ಟ ಪದ್ಧತಿಯನ್ನು ಕೂಡಲೇ ನಿಲ್ಲಿಸತಕ್ಕದ್ದು.' ನನ್ನ ಇಪ್ಪತ್ತೊಂಬತ್ತನೆಯ ಅರ್ಜಿ. ಒಪ್ಪಿ ಜಾರಿಗೆ ತಂದಿದ್ದರು. ನನಗೆ ತಿಳಿಸಿರಲಿಲ್ಲ, ಅಷ್ಟೇ.

"ಒಂದು ದಾರಿ ಇದೆ," ಎಂದ ಅವನು, ಪಾಪ. "ಇದೇ ವಿಷಯದಲ್ಲಿ ತಪ್ಪಿತಸ್ಥರು ಬೇರೆಯವರು ಅಂತ ಹೊಸ ದೂರು ಬಂದ್ರೆ, ಹಳೇದು ಅದರೊಳಗೆ ಸೇರಿಹೋಗುತ್ತೆ. ಆದ್ರೆ ಹೆಸರು, ವಿಳಾಸ, ಸಾಕ್ಷ್ಯ ಎಲ್ಲ ಬೇಕು."

ಅಲ್ಲಿಂದ ನೆಟ್ಟಗೆ ಹೊಲಿಗೆ ಅಂಗಡಿಗೆ ಹೋಗಿ ಹಳದಿ ಕಾಗದ ಕೇಳಿದೆ. ಏಕೆಂದು ಕೇಳದೆ ಕೊಟ್ಟರು.

ಅರವತ್ತನಾಲ್ಕನೆಯದು ಸಿದ್ಧವಾಗಿದೆ. ಲಗತ್ತು ಒಂದು.

ಫೆಬ್ರವರಿ 3, ಮಂಗಳವಾರ

ದೋಣಿಯಲ್ಲಿ ಅಧಿಕಾರಿ, ಗುಮಾಸ್ತ, ಗಂಟಲು, ಅವಳ ತಾಯಿ, ನಾನು, ತಂಗಿ. ಅಧಿಕಾರಿಗೆ ನನ್ನ ಮಗನಾಗುವಷ್ಟು ವಯಸ್ಸು. ಬಂಡೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. "ಈ ರಾಣಿ ವಿಷಯಕ್ಕೆ ನಿಮ್ಮ ಹತ್ರ ಏನಾದ್ರೂ ಆಧಾರ ಇದೆಯೇನಮ್ಮ?" ಎಂದು ಗಂಟಲನ್ನು ಕೇಳಿದರು.

"ನಮ್ಮಮ್ಮ ಹೇಳಿದ್ದು ಸಾರ್," ಎಂದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ನಿಜ ಅಂತಲೇ ನಂಬಿದ್ದೆ."

ಗುಮಾಸ್ತ 'ಆಧಾರವಿಲ್ಲ' ಎಂದು ಬರೆಯತೊಡಗಿದ. ತಾಯಿ ನನ್ನತ್ತ ನೋಡಲೂ ಇಲ್ಲ. ಸಮುದ್ರ ನೋಡುತ್ತಿದ್ದರು.

ಎದ್ದು ನಿಂತೆ. "ಆಧಾರ ಇದೆ," ಎಂದು ಹೊಸ ದೂರನ್ನು ಕೊಟ್ಟೆ.

ಅಧಿಕಾರಿ ಓದಿದರು. ಕಾಗದ ತಿರುಗಿಸಿ ಮತ್ತೆ ಓದಿದರು. "ದೂರುದಾರರು ನೀವೇ. ಆರೋಪಿನೂ ನೀವೇ?"

"ವಿಳಾಸವೂ ಒಂದೇ. ಉತ್ತರ ಕಳಿಸಲು ಒಂದೇ ಲಕೋಟೆ ಸಾಕು."

"ಅಂದ್ರೆ ಈ ಸುಳ್ಳನ್ನ ಹುಟ್ಟಿಸಿದ್ದು..."

"ನಾನು. ದಿನಾಂಕ, ಸ್ಥಳ, ಹೆಸರು ಲಗತ್ತಿನಲ್ಲಿದೆ. ಈಕೆ ಒಂದಕ್ಷರವನ್ನೂ ತಾನಾಗಿ ಸೇರಿಸಿಲ್ಲ. ಹಡಗುಗಳೂ ಏಳೇ. ಎಣಿಸಿದ್ದೇನೆ."

ಗಂಟಲಿಗೆ ಗಂಟಲು ಮರಳಿ ಬಂತು. "ಅಮ್ಮಾ! ಮೂವತ್ತು ವರ್ಷದಿಂದ ನಿಜ ನಿಜ ಅಂದ್ಯಲ್ಲೇ!"

"ಹಾರಿದ್ದು ನಿಜಾನೇ ಕಣೇ," ಎಂದರು ತಾಯಿ. "ನಾನೇ ಹಾರಿದ್ದು. ಬೆಂಚಿನ ಮೇಲಿಂದ. ಮಂಡಿ ತರಚಿತ್ತು, ಬೇಕಾದ್ರೆ ತೋರಿಸ್ತೀನಿ."

ಅಧಿಕಾರಿ ಕರವಸ್ತ್ರ ಮುಖಕ್ಕೆ ಹಿಡಿದುಕೊಂಡು ಸ್ವಲ್ಪ ಹೊತ್ತು ಕೆಮ್ಮಿದರು. ನಿಜವಾದ ಚರಿತ್ರೆ ಏನಾದರೂ ಬರುತ್ತದೆಯೇ ಎಂದು ಗಂಟಲನ್ನು ಕೇಳಿದರು. ಅವಳು ಗುಳಿಯ ಪಕ್ಕ ನಿಂತು ಸುಂಕದ ಅಧಿಕಾರಿಯ ಕಥೆ ಹೇಳಿದಳು. "ದಿನಾ ಸಂಜೆ ಈ ಕಂಬದ ಕೆಳಗೆ ನಿಂತು ದೂರಕ್ಕೆ ನೋಡೋನು..." ಎಂದಳು. ಸಂಜೆ ನಿಲ್ಲುತ್ತಿದ್ದ ಎಂಬುದಕ್ಕೆ ದಾಖಲೆಯಿಲ್ಲ. ಕೈ ಎತ್ತಬೇಕಿತ್ತು. ಏಳಲಿಲ್ಲ, ಭುಜದ ನೋವು ಇರಬೇಕು. 'ಮುಂದಿನ ತಿಂಗಳು ಬರಬಹುದು' ಎಂದು ಅವಳು ಮುಗಿಸಿದಾಗ ಗುಮಾಸ್ತ ಬರೆಯುವುದನ್ನು ಬಿಟ್ಟು ಸಮುದ್ರದ ಕಡೆ ತಿರುಗಿ ನೋಡಿದ. ನಾವೆಲ್ಲರೂ ನೋಡಿದೆವು.

ಫೆಬ್ರವರಿ 16, ಸೋಮವಾರ

ಆದೇಶ ಬಂದಿದೆ. ಒಂದು: ಗೈಡ್ ಪರವಾನಗಿ ಮರಳಿ ಕೊಡಲಾಗಿದೆ. ಎರಡು: ರಾಣಿಯ ಕಥೆಯನ್ನು ಹೇಳಬಹುದು, ಆದರೆ ಅದು ನಾಟಕವೆಂದೂ ಬರೆದವರು ಇಂಥವರೆಂದೂ ಪ್ರತಿ ಸಲ ಹೇಳತಕ್ಕದ್ದು. ಮೂರು: ಆರೋಪಿಯು (ನಾನು) ಇನ್ನು ಮುಂದೆ ದ್ವೀಪದ ಕುರಿತು ಯಾವುದೇ ಕಟ್ಟುಕಥೆ ರಚಿಸದಂತೆ ಎಚ್ಚರಿಕೆ ನೀಡಲಾಗಿದೆ.

ಗಂಟಲು ಬಂದು ತಂಗಿಯನ್ನು ತಬ್ಬಿಕೊಂಡಳು. ನನಗೆ, "ಸಾರ್, ನಾಳೆ ಬೆಳಿಗ್ಗೆ ಮೊದಲ ದೋಣಿ. ಜಗಳಕ್ಕೆ ಬರ್ತೀರಲ್ವಾ? ಜನ ಕೇಳ್ತಾರೆ," ಎಂದಳು.

ನೋಡೋಣ ಎಂದೆ. ಕೊಡೆ ಬಾಗಿಲ ಪಕ್ಕ ಇಟ್ಟಿದ್ದೇನೆ.

ಫೆಬ್ರವರಿ 22, ಭಾನುವಾರ

ಈಗ ದಿನಕ್ಕೆ ನಾಲ್ಕು ದೋಣಿಯಷ್ಟು ಜನರಿಗೆ ನಾನು ರಾಣಿಯನ್ನು ಕೊಂದವನೆಂದು ಗೊತ್ತಾಗುತ್ತಿದೆ. ಇವತ್ತು ಜೆಟ್ಟಿಯಲ್ಲಿ ಒಬ್ಬ ಅಜ್ಜಿ ನನ್ನನ್ನು ಹಿಡಿದು ನಿಲ್ಲಿಸಿದರು. ವಯಸ್ಸು ಎಂಬತ್ತರ ಮೇಲೆ, ಕೈಯಲ್ಲಿ ದೊಡ್ಡ ಚೀಲ.

"ಬರೆದವನು ನೀನೇನಪ್ಪಾ? ಯಾಕಪ್ಪ ಸಾಯಿಸಿದೆ ಅವಳನ್ನ?"

ಸೆರೆ ಸಿಗುವುದಕ್ಕಿಂತ ಎಂದು ಶುರುಮಾಡಿದೆ.

"ಸುತ್ತ ನೀರಿರೋ ಜಾಗದಲ್ಲಿ ಹುಟ್ಟಿ ಬೆಳೆದೋಳು. ಈಜು ಬರಲ್ವಾ ಅವಳಿಗೆ? ನಿನಗೆ ಅಷ್ಟೂ ಹೊಳೀಲಿಲ್ವಾ?"

ಹೊಳೆದಿರಲಿಲ್ಲ. ನಲವತ್ತಾರು ವರ್ಷದಲ್ಲಿ ಯಾರೂ ಕೇಳಿಯೂ ಇರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಹೊಲಿಗೆ ಅಂಗಡಿಗೆ ಹೋಗಿ, ರಾಣಿಗೆ ಈಜು ಬರುತ್ತಿತ್ತೇ ಎಂದು ಕೇಳಿದೆ. ಅವರು ಮಷಿನ್ ನಿಲ್ಲಿಸಿ ಯೋಚಿಸಿ, "ನೀವು ಬರೆದ್ರೆ ಬರುತ್ತೆ ಮೇಷ್ಟ್ರೇ," ಎಂದರು.

ಮಧ್ಯಾಹ್ನದಿಂದ ಕೂತಿದ್ದೇನೆ. ರಾಣಿ ಈಜುತ್ತಿದ್ದಾಳೆ. ಹಡಗುಗಳ ಕೆಳಗಿನಿಂದ ಹಾದು ದ್ವೀಪದ ಇನ್ನೊಂದು ದಡಕ್ಕೆ ಬಂದಾಗಿದೆ. ಅಲ್ಲಿ ಸುಂಕದ ಅಧಿಕಾರಿ ದುರ್ಬೀನು ಹಿಡಿದು ನಿಂತಿದ್ದಾನೆ. ಅವನ ಕಾಲ ಬೇರೆ, ಅವಳ ಕಾಲ ಬೇರೆ, ಕಾಲಾನುಕ್ರಮ ಪೂರ್ತಿ ಅಧ್ವಾನ. ಹನ್ನೊಂದು ವರ್ಷ ಕಾದವನಿಗೆ ಯಾರಾದರೂ ಒಬ್ಬರು ಬರಲಿ ಎಂದು ಬಿಟ್ಟಿದ್ದೇನೆ.

ಇದು ಆದೇಶದ ಮೂರನೇ ಅಂಶದ ಸ್ಪಷ್ಟ ಉಲ್ಲಂಘನೆ. ದೂರು ಕೊಡುವವರಿದ್ದರೆ ಕೊಡಲಿ. ಈ ಊರಿನಲ್ಲಿ ಆ ಕೆಲಸ ಮಾಡುತ್ತಿದ್ದವನು ಒಬ್ಬನೇ, ಅವನಿಗೆ ಸದ್ಯ ಪುರುಸೊತ್ತಿಲ್ಲ.